ಅಭಿಮಾನಿ ಸಮ್ಮೇಳನಗಳಲ್ಲಿ ವಿಕಲಚೇತನರ ಭಾಗವಹಿಸುವಿಕೆ: ‘ಹೊಂದಾಣಿಕೆ’ ಎಂಬ ಪರಿಕಲ್ಪನೆಯ ಒಂದು ಅಧ್ಯಯನ

೧. ಪ್ರಸ್ತಾವನೆ

ಕನ್ನಡದಲ್ಲಿ ‘ಅಭಿಮಾನಿ’ ಎಂಬ ಪದಕ್ಕೆ ವಿಶಿಷ್ಟವಾದ ಸ್ಥಾನವಿದೆ. ಡಾ. ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದಂದಿನಿಂದ ಈ ಪದವು ಕೇವಲ ಮೆಚ್ಚುವವನು ಎಂಬ ಅರ್ಥವನ್ನು ದಾಟಿ, ಕಲೆಗೂ ಕಲಾವಿದನಿಗೂ ಆಧಾರವಾದ ಸಮುದಾಯ ಎಂಬ ಅರ್ಥವನ್ನು ಪಡೆದುಕೊಂಡಿದೆ. ಆದರೆ ಈ ಸಮುದಾಯವು ಒಂದೆಡೆ ನೆರೆದಾಗ ಅದರೊಳಗೆ ಯಾರು ಬರಬಲ್ಲರು, ಬಂದವರು ಎಲ್ಲಿಯವರೆಗೆ ಹೋಗಬಲ್ಲರು, ಯಾರು ಬಾಗಿಲಲ್ಲಿಯೇ ಉಳಿದುಬಿಡುತ್ತಾರೆ ಎಂಬ ಪ್ರಶ್ನೆಗಳು ನಮ್ಮ ಸಂಸ್ಕೃತಿ ಅಧ್ಯಯನಗಳಲ್ಲಿ ಚರ್ಚೆಯಾಗಬೇಕಾದಷ್ಟು ಚರ್ಚೆಯಾಗಿಲ್ಲ.

ಪಶ್ಚಿಮದ ದೇಶಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ, ವೈಜ್ಞಾನಿಕ ಕಥೆ, ಫ್ಯಾಂಟಸಿ ಮತ್ತು ಚಿತ್ರಕಥಾ ಪುಸ್ತಕಗಳ ಅಭಿಮಾನಿಗಳು ಎಂಟು ದಶಕಗಳಿಗೂ ಮಿಗಿಲಾಗಿ ಸಮ್ಮೇಳನಗಳನ್ನು ನಡೆಸಿಕೊಂಡು ಬಂದಿದ್ದಾರೆ. ಈ ಸಮ್ಮೇಳನಗಳಲ್ಲಿ ವಿಕಲಚೇತನರಿಗಾಗಿ ರೂಪುಗೊಂಡಿರುವ ವ್ಯವಸ್ಥೆಗಳನ್ನು ಪರಿಶೀಲಿಸಿ, ಅವುಗಳ ಹಿಂದಿರುವ ತಾತ್ತ್ವಿಕ ನಿಲುವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂತಹ ವ್ಯವಸ್ಥೆಗಳನ್ನು ‘ಸೌಲಭ್ಯ’ ಎಂದು ತಿಳಿಯುವುದಕ್ಕೂ ‘ಸದಸ್ಯತ್ವದ ಷರತ್ತು’ ಎಂದು ತಿಳಿಯುವುದಕ್ಕೂ ಮೂಲಭೂತವಾದ ವ್ಯತ್ಯಾಸವಿದೆ ಎಂಬುದು ಇಲ್ಲಿಯ ಪ್ರತಿಪಾದನೆ.

ಪರಿಭಾಷೆಯ ಬಗೆಗೆ ಒಂದು ಮಾತು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂಬ ಪದಗಳು ಕನ್ನಡದಲ್ಲಿ ಒಂದರ ಹಿಂದೊಂದರಂತೆ ಬಳಕೆಗೆ ಬಂದಿವೆ. ರಾಜ್ಯ ಸರ್ಕಾರದ ಇಲಾಖೆಯ ಹೆಸರಿನಲ್ಲಿರುವ ‘ವಿಕಲಚೇತನ’ ಎಂಬ ಪದವನ್ನೇ ಇಲ್ಲಿ ಬಳಸಲಾಗಿದೆ.

೨. ಅಭಿಮಾನಿ ಸಮ್ಮೇಳನದ ಸ್ವರೂಪ

ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನವು ಮೊದಲ ಬಾರಿಗೆ ೧೯೩೯ರ ಜುಲೈ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ‘ವರ್ಲ್ಡ್‌ಕಾನ್’ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಈ ಸಮ್ಮೇಳನವು ಎರಡನೆಯ ಮಹಾಯುದ್ಧದ ಕಾಲದ ಕೆಲವು ವರ್ಷಗಳನ್ನು ಬಿಟ್ಟರೆ ಪ್ರತಿವರ್ಷವೂ ನಡೆದುಬಂದಿದೆ. ೧೯೭೦ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಆರಂಭವಾದ ಕಾಮಿಕ್-ಕಾನ್ ಇಂದು ಒಂದು ಲಕ್ಷಕ್ಕೂ ಮಿಗಿಲಾದ ಜನರನ್ನು ಸೆಳೆಯುವ ಮಹಾಮೇಳವಾಗಿದೆ. ೧೯೭೭ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಆರಂಭವಾದ ‘ವಿಸ್‌ಕಾನ್’ ಸ್ತ್ರೀವಾದಿ ವೈಜ್ಞಾನಿಕ ಕಥಾ ಸಾಹಿತ್ಯಕ್ಕೆ ಮೀಸಲಾದ ಸಮ್ಮೇಳನ. ಗಾತ್ರದಲ್ಲಿ ಚಿಕ್ಕದಾದರೂ ಪ್ರಸ್ತುತ ವಿಷಯದ ದೃಷ್ಟಿಯಿಂದ ಅದು ಮಹತ್ವದ್ದಾಗಿದೆ.

ಇವುಗಳ ರಚನೆಯಲ್ಲಿ ಎರಡು ಲಕ್ಷಣಗಳು ಗಮನಾರ್ಹವಾಗಿವೆ. ಮೊದಲನೆಯದು, ವರ್ಲ್ಡ್‌ಕಾನಿನಂತಹ ಸಮ್ಮೇಳನಗಳಲ್ಲಿ ಭಾಗವಹಿಸುವವನು ಟಿಕೆಟ್ ಕೊಂಡ ಪ್ರೇಕ್ಷಕನಲ್ಲ, ಶುಲ್ಕ ಕೊಟ್ಟ ಸದಸ್ಯ. ೧೯೫೩ರಲ್ಲಿ ಮೊದಲ ಬಾರಿಗೆ ನೀಡಲಾದ ಹ್ಯೂಗೋ ಪ್ರಶಸ್ತಿಯನ್ನು ನಿರ್ಧರಿಸುವುದು ಈ ಸದಸ್ಯರ ಮತವೇ. ಸಮ್ಮೇಳನವನ್ನು ನಡೆಸುವವರೂ ಸಂಬಳವಿಲ್ಲದೆ ದುಡಿಯುವ ಅಭಿಮಾನಿಗಳೇ. ಎರಡನೆಯದು, ಸಮ್ಮೇಳನವೆಂದರೆ ಕೇವಲ ವೇದಿಕೆಯ ಮೇಲಿನ ಕಾರ್ಯಕ್ರಮವಲ್ಲ. ಗೋಷ್ಠಿ, ಪುಸ್ತಕ ಮತ್ತು ಚಿತ್ರಗಳ ಮಾರಾಟದ ಅಂಗಣ, ವೇಷಭೂಷಣದ ಪ್ರದರ್ಶನ, ಹಸ್ತಾಕ್ಷರಕ್ಕಾಗಿ ನಿಲ್ಲುವ ಸಾಲು, ಮೊಗಸಾಲೆಯ ಮಾತುಕತೆ, ರಾತ್ರಿಯ ಕೂಟಗಳು ಇವೆಲ್ಲವೂ ಸೇರಿ ಸಮ್ಮೇಳನವಾಗುತ್ತದೆ. ಹೀಗಾಗಿ ಒಬ್ಬ ವ್ಯಕ್ತಿಯು ಸಭಾಂಗಣದೊಳಗೆ ಬಂದು ಕುಳಿತ ಮಾತ್ರಕ್ಕೆ ಆತ ಸಮ್ಮೇಳನದಲ್ಲಿ ಭಾಗವಹಿಸಿದನೆಂದು ಹೇಳಲಾಗದು.

೩. ಹೊಂದಾಣಿಕೆ: ಪದ ಮತ್ತು ಪರಿಕಲ್ಪನೆ

ವೈಕಲ್ಯವು ವ್ಯಕ್ತಿಯ ದೇಹದಲ್ಲಿರುವ ಕೊರತೆ ಎಂಬುದು ಬಹುಕಾಲದಿಂದ ಬಂದ ತಿಳಿವಳಿಕೆ. ೧೯೭೬ರಲ್ಲಿ ಬ್ರಿಟನ್ನಿನ ವಿಕಲಚೇತನರ ಸಂಘಟನೆಯೊಂದು ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ದೇಹದ ನ್ಯೂನತೆ ಬೇರೆ, ಸಮಾಜವು ತನ್ನ ರಚನೆಯ ಮೂಲಕ ಆ ದೇಹದ ಮೇಲೆ ಹೇರುವ ಅಸಾಮರ್ಥ್ಯ ಬೇರೆ ಎಂದು ಅದು ವಾದಿಸಿತು. ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್ ಅವರು ೧೯೮೩ರಲ್ಲಿ ಈ ನಿಲುವನ್ನು ‘ಸಾಮಾಜಿಕ ಮಾದರಿ’ ಎಂದು ಹೆಸರಿಸಿದರು. ಗಾಲಿಕುರ್ಚಿಯಲ್ಲಿ ಕುಳಿತವನನ್ನು ಹೊರಗೆ ನಿಲ್ಲಿಸುವುದು ಆತನ ಕಾಲುಗಳಲ್ಲ, ಕಟ್ಟಡದ ಮೆಟ್ಟಿಲುಗಳು ಎಂಬುದು ಈ ಮಾದರಿಯ ಸಾರ.

ಈ ತತ್ತ್ವವು ಕಾನೂನಿನಲ್ಲಿ ‘ಸಮಂಜಸ ಹೊಂದಾಣಿಕೆ’ ಎಂಬ ರೂಪವನ್ನು ತಾಳಿತು. ಅಮೆರಿಕದಲ್ಲಿ ೧೯೯೦ರ ಜುಲೈ ೨೬ರಂದು ಅಂಕಿತ ಪಡೆದ ವಿಕಲಚೇತನರ ಕಾಯಿದೆಯು ಹೋಟೆಲು, ಸಭಾಭವನ ಮೊದಲಾದ ಖಾಸಗಿ ಒಡೆತನದ ಸಾರ್ವಜನಿಕ ಸ್ಥಳಗಳನ್ನೂ ತನ್ನ ವ್ಯಾಪ್ತಿಗೆ ತಂದಿತು. ೨೦೦೬ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ ೩೦ನೆಯ ವಿಧಿಯು ಸಾಂಸ್ಕೃತಿಕ ಜೀವನ, ಮನರಂಜನೆ, ವಿರಾಮ ಮತ್ತು ಕ್ರೀಡೆಗಳಲ್ಲಿ ಭಾಗವಹಿಸುವುದನ್ನು ಹಕ್ಕೆಂದು ಸಾರಿತು. ಭಾರತವು ೨೦೦೭ರಲ್ಲಿ ಈ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಶಿಕ್ಷಣ ಮತ್ತು ಉದ್ಯೋಗಗಳಷ್ಟೇ ಅಲ್ಲದೆ ಸಂತೋಷವೂ ಹಕ್ಕಿನ ವಿಷಯವಾಯಿತು ಎಂಬುದು ಇಲ್ಲಿ ಮುಖ್ಯ.

‘ಹೊಂದಾಣಿಕೆ’ ಎಂಬ ಕನ್ನಡ ಪದವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ. ‘ಹೊಂದು’ ಎಂಬ ಧಾತುವಿನಿಂದ ಬಂದ ಈ ಪದವು ಮೇಲ್ನೋಟಕ್ಕೆ ಎರಡೂ ಕಡೆಯವರು ಸರಿದುಕೊಳ್ಳುವುದನ್ನು ಸೂಚಿಸುತ್ತದೆ. ಆದರೆ ವ್ಯವಹಾರದಲ್ಲಿ ಸರಿದುಕೊಳ್ಳಬೇಕಾದವರು ಯಾವಾಗಲೂ ಬಲಹೀನರೇ. ಗಂಡನ ಮನೆಗೆ ಹೊರಟ ಮಗಳಿಗೆ ‘ಹೊಂದಿಕೊಂಡು ಹೋಗಮ್ಮ’ ಎಂದು ಹೇಳುತ್ತೇವೆಯೇ ಹೊರತು ಆ ಮನೆಯವರಿಗೆ ಹೇಳುವುದಿಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ನಿತ್ಯದ ಮಾತು ಕೂಡ ವ್ಯವಸ್ಥೆಯ ಕೊರತೆಯನ್ನು ಅನುಭವಿಸುತ್ತಿರುವವನಿಗೇ ಹೇಳುವ ಮಾತು. ಸಮಂಜಸ ಹೊಂದಾಣಿಕೆ ಎಂಬ ಕಾನೂನಿನ ಪರಿಕಲ್ಪನೆಯು ಈ ದಿಕ್ಕನ್ನೇ ಬದಲಿಸುತ್ತದೆ. ಅಲ್ಲಿ ಹೊಂದಿಕೊಳ್ಳಬೇಕಾದವನು ಅತಿಥಿಯಲ್ಲ, ಆತಿಥೇಯ.

೪. ಹೊಂದಾಣಿಕೆಯ ಪ್ರಕಾರಗಳು

ಅಭಿಮಾನಿ ಸಮ್ಮೇಳನಗಳಲ್ಲಿ ಕಂಡುಬರುವ ಹೊಂದಾಣಿಕೆಗಳನ್ನು ಅಧ್ಯಯನದ ಅನುಕೂಲಕ್ಕಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಅ) ಸ್ಥಳ: ಅಮೆರಿಕದ ೨೦೧೦ರ ವಿನ್ಯಾಸ ಮಾನಕಗಳ ಪ್ರಕಾರ ಇಳಿಜಾರು ದಾರಿಯು ಒಂದು ಅಡಿ ಏರಬೇಕಾದರೆ ಕನಿಷ್ಠ ೧೨ ಅಡಿ ಉದ್ದವಿರಬೇಕು. ಬಾಗಿಲಿನ ತೆರವು ಕನಿಷ್ಠ ೩೨ ಅಂಗುಲವಿರಬೇಕು. ೫೧ರಿಂದ ೧೫೦ ಆಸನಗಳಿರುವ ಸಭಾಂಗಣದಲ್ಲಿ ಗಾಲಿಕುರ್ಚಿಗಳಿಗಾಗಿ ನಾಲ್ಕು ಜಾಗಗಳಿರಬೇಕು, ಪ್ರತಿಯೊಂದರ ಪಕ್ಕದಲ್ಲಿ ಜೊತೆಗಾರನಿಗೆ ಆಸನವಿರಬೇಕು. ಈ ನಿಯಮಗಳು ತಾತ್ಕಾಲಿಕ ರಚನೆಗಳಿಗೂ ಅನ್ವಯಿಸುತ್ತವೆ. ಆದರೆ ಸಮ್ಮೇಳನದ ಸಭಾಂಗಣಗಳಲ್ಲಿ ಕುರ್ಚಿಗಳು ಸ್ಥಿರವಾಗಿರುವುದಿಲ್ಲ. ಬೆಳಿಗ್ಗೆ ಬಿಟ್ಟ ಜಾಗವನ್ನು ಮಧ್ಯಾಹ್ನದ ಹೊತ್ತಿಗೆ ಯಾರೋ ಕುರ್ಚಿ ಎಳೆದು ತುಂಬಿಬಿಡುತ್ತಾರೆ. ವಿಸ್‌ಕಾನ್ ಇದಕ್ಕೆ ಕಂಡುಕೊಂಡ ಪರಿಹಾರ ಬಹಳ ಸರಳವಾದದ್ದು. ಗಾಲಿಕುರ್ಚಿಯ ಜಾಗಗಳನ್ನು ನೆಲದ ಮೇಲೆ ನೀಲಿ ಬಣ್ಣದ ಅಂಟುಪಟ್ಟಿಯಿಂದ ಗುರುತಿಸಲಾಯಿತು. ಹೀಗೆ ಗುರುತಿಸಿದ ಜಾಗವು ಖಾಲಿಯಿದ್ದರೂ ಅದು ಬೇರೊಬ್ಬರದು ಎಂಬುದನ್ನು ಎಲ್ಲರೂ ಅರಿಯುವಂತಾಯಿತು. ಗಾಲಿಕುರ್ಚಿಯವನು ಬಂದ ಮೇಲೆ ಕುರ್ಚಿಗಳನ್ನು ಸರಿಸಿ ಜಾಗ ಮಾಡಿಕೊಡುವುದು ಉಪಕಾರ. ಬರುವ ಮೊದಲೇ ಜಾಗವಿರುವುದು ಸಮಾನತೆ. ಒಂದು ಸುರುಳಿ ಅಂಟುಪಟ್ಟಿಯ ಖರ್ಚಿನಲ್ಲಿ ಈ ವ್ಯತ್ಯಾಸ ಸಾಧ್ಯವಾಯಿತು.

ಆ) ಕಾಲ: ಸ್ಯಾನ್ ಡಿಯಾಗೋದ ಕಾಮಿಕ್-ಕಾನಿನ ಅತಿ ದೊಡ್ಡ ಸಭಾಂಗಣವಾದ ‘ಹಾಲ್ ಎಚ್’ನಲ್ಲಿ ಸುಮಾರು ೬,೫೦೦ ಜನರಿಗೆ ಸ್ಥಳವಿದೆ. ಅಲ್ಲಿ ಪ್ರವೇಶ ಪಡೆಯಲು ಅಭಿಮಾನಿಗಳು ಹಿಂದಿನ ರಾತ್ರಿಯಿಂದಲೇ ಸರತಿಯ ಸಾಲಿನಲ್ಲಿ ಮಲಗುವುದುಂಟು. ಹೀಗೆ ಸಾಲು ಎನ್ನುವುದು ಸಮ್ಮೇಳನದ ಬಹುಮುಖ್ಯವಾದ ಅಡೆತಡೆಯಾಗಿದೆ. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ನಿಯಮವು ಮೇಲ್ನೋಟಕ್ಕೆ ನ್ಯಾಯಸಮ್ಮತವಾದರೂ ಎಲ್ಲರೂ ಸಮಾನವಾಗಿ ನಿಲ್ಲಬಲ್ಲರು ಎಂಬ ಊಹೆಯ ಮೇಲೆ ನಿಂತಿದೆ. ಸಂಧಿವಾತ, ಹೃದ್ರೋಗ, ದೀರ್ಘಕಾಲದ ಆಯಾಸ ಮುಂತಾದವುಗಳಿಂದ ಬಳಲುವವರಿಗೆ ನಿಲ್ಲುವುದೇ ಅಸಾಧ್ಯವಾಗಬಹುದು. ಈ ಕಾರಣದಿಂದ ಕಾಮಿಕ್-ಕಾನ್ ಕಿವುಡರು ಮತ್ತು ವಿಕಲಚೇತನರಿಗಾಗಿ ಪ್ರತ್ಯೇಕ ಸೇವಾ ವಿಭಾಗವನ್ನು ಇರಿಸಿಕೊಂಡಿದೆ. ಜೊತೆಗಾರರಿಗೆ ಪ್ರವೇಶಪತ್ರ, ವಿಶ್ರಾಂತಿಯ ಸ್ಥಳ, ಸನ್ನೆ ಭಾಷೆಯ ದುಭಾಷಿಗಳು ಮುಂತಾದ ವ್ಯವಸ್ಥೆಗಳನ್ನು ಈ ವಿಭಾಗವು ನೋಡಿಕೊಳ್ಳುತ್ತದೆ. ಅಟ್ಲಾಂಟಾದಲ್ಲಿ ೧೯೮೭ರಿಂದ ನಡೆಯುತ್ತಿರುವ ಡ್ರ್ಯಾಗನ್ ಕಾನ್ ನಗರದ ಐದು ಹೋಟೆಲುಗಳಲ್ಲಿ ಹರಡಿಕೊಂಡಿದೆ. ಇಂತಹ ಕಡೆ ಲಿಫ್ಟ್ ಇದ್ದರೂ ಅದರ ಮುಂದಿನ ಜನಸಂದಣಿಯೇ ಮತ್ತೊಂದು ಗೋಡೆಯಾಗುತ್ತದೆ. ಮೆಟ್ಟಿಲು ಹತ್ತಬಲ್ಲವರು ಮೆಟ್ಟಿಲನ್ನೇ ಬಳಸುವುದು ಇಲ್ಲಿ ಸಹ-ಅಭಿಮಾನಿಗಳು ಮಾಡಬಹುದಾದ ಹೊಂದಾಣಿಕೆ.

ಇ) ಸಂವಹನ: ಕಿವುಡರಿಗೆ ಸನ್ನೆ ಭಾಷೆಯ ದುಭಾಷಿ ಅಥವಾ ಮಾತನ್ನು ಆಗಿಂದಾಗಲೇ ಬರಹಕ್ಕಿಳಿಸಿ ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಬೇಕಾಗುತ್ತದೆ. ಫ್ಯಾಂಟಸಿ ಸಾಹಿತ್ಯದ ಗೋಷ್ಠಿಗಳಲ್ಲಿ ಇದು ವಿಶೇಷವಾಗಿ ಕಷ್ಟಕರ. ಕಲ್ಪಿತ ಲೋಕಗಳ, ಪಾತ್ರಗಳ, ಭಾಷೆಗಳ ಹೆಸರುಗಳಿಗೆ ಸಿದ್ಧ ಸನ್ನೆಗಳಿರುವುದಿಲ್ಲ. ದುಭಾಷಿಯು ಅವುಗಳನ್ನು ಅಕ್ಷರ ಅಕ್ಷರವಾಗಿ ಬೆರಳುಗಳಿಂದ ತೋರಿಸಬೇಕಾಗುತ್ತದೆ. ಆದ್ದರಿಂದ ಹೆಸರುಗಳ ಪಟ್ಟಿಯನ್ನು ಮುಂಚಿತವಾಗಿ ಒದಗಿಸುವುದು ಸಂಘಟಕರ ಕರ್ತವ್ಯವಾಗುತ್ತದೆ. ದೃಷ್ಟಿಹೀನರಿಗೆ ಕಾರ್ಯಕ್ರಮ ಪಟ್ಟಿಯು ದೊಡ್ಡಕ್ಷರದಲ್ಲಿ, ಬ್ರೈಲ್ ಲಿಪಿಯಲ್ಲಿ ಅಥವಾ ಪರದೆ ಓದುವ ತಂತ್ರಾಂಶಕ್ಕೆ ಒದಗುವ ರೂಪದಲ್ಲಿ ಇರಬೇಕು. ಈ ವರ್ಗದಲ್ಲಿಯೇ ಧ್ವನಿವರ್ಧಕದ ವಿಷಯವೂ ಸೇರುತ್ತದೆ. ‘ನನ್ನ ಧ್ವನಿ ಎಲ್ಲರಿಗೂ ಕೇಳಿಸುತ್ತದೆ, ಮೈಕು ಬೇಡ’ ಎಂದು ಹೇಳುವ ಭಾಷಣಕಾರರನ್ನು ನಾವೆಲ್ಲರೂ ಕಂಡಿದ್ದೇವೆ. ಕೇಳಿಸದವನು ಆ ಕ್ಷಣದಲ್ಲಿ ಎದ್ದುನಿಂತು ತನ್ನ ಕಿವುಡುತನವನ್ನು ಸಭೆಗೆ ಘೋಷಿಸಿಕೊಳ್ಳಬೇಕು, ಇಲ್ಲವೇ ಸುಮ್ಮನೆ ಕುಳಿತಿರಬೇಕು. ಬಹುತೇಕರು ಸುಮ್ಮನೆ ಕುಳಿತಿರುತ್ತಾರೆ.

ಈ) ವಿರಾಮ: ಬೆಳಕು, ಗದ್ದಲ ಮತ್ತು ಜನಸಂದಣಿಗಳ ನಡುವೆ ಆಟಿಸಂ ಉಳ್ಳವರಿಗೆ, ಅಪಸ್ಮಾರ ಅಥವಾ ತೀವ್ರ ಆತಂಕದಿಂದ ಬಳಲುವವರಿಗೆ ಕೆಲಕಾಲ ಹಿಂದೆ ಸರಿಯುವ ಅವಕಾಶ ಅಗತ್ಯ. ಇದಕ್ಕಾಗಿ ಹಲವು ಸಮ್ಮೇಳನಗಳು ‘ಮೌನದ ಕೊಠಡಿ’ಯನ್ನು ಮೀಸಲಿಡುತ್ತವೆ. ಮೇಲ್ನೋಟಕ್ಕೆ ಇದು ಸಮ್ಮೇಳನದಿಂದ ಹೊರಗುಳಿಯುವ ಸ್ಥಳದಂತೆ ತೋರಬಹುದು. ವಾಸ್ತವದಲ್ಲಿ ಅರ್ಧ ಗಂಟೆಯ ಮೌನವು ಒಬ್ಬ ಸದಸ್ಯನು ಮನೆಗೆ ಹಿಂದಿರುಗದೆ ಸಂಜೆಯವರೆಗೆ ಉಳಿಯುವಂತೆ ಮಾಡುತ್ತದೆ.

೫. ವೇದಿಕೆಯ ಪ್ರಶ್ನೆ

ಮೇಲೆ ವಿವರಿಸಿದ ಹೊಂದಾಣಿಕೆಗಳೆಲ್ಲವೂ ಇದ್ದು, ಸಭಾಂಗಣದ ಬಾಗಿಲಿಗೆ ಇಳಿಜಾರು ದಾರಿ ಇದ್ದು, ವೇದಿಕೆಗೆ ಮಾತ್ರ ಮೆಟ್ಟಿಲುಗಳಿದ್ದರೆ ಏನೆಂದು ಅರ್ಥೈಸಬೇಕು? ವಿಕಲಚೇತನರು ಕೇಳಲು ಬರುತ್ತಾರೆಯೇ ಹೊರತು ಹೇಳಲು ಬರುವುದಿಲ್ಲ ಎಂಬ ನಂಬಿಕೆಯು ಆ ಮೆಟ್ಟಿಲುಗಳಲ್ಲಿ ಅಡಗಿದೆ ಎಂದೇ ಅರ್ಥೈಸಬೇಕಾಗುತ್ತದೆ. ಅಂತಹ ಕಡೆಗಳಲ್ಲಿ ಗಾಲಿಕುರ್ಚಿಯ ಲೇಖಕಿಯೊಬ್ಬರು ಗೋಷ್ಠಿಗೆ ಆಹ್ವಾನಿತರಾಗಿದ್ದರೂ ಉಳಿದವರು ಮೇಲೆ, ತಾವು ಕೆಳಗೆ ಕುಳಿತು ಮಾತನಾಡಬೇಕಾಗುತ್ತದೆ. ಅಮೆರಿಕದ ವಿನ್ಯಾಸ ಮಾನಕಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಪ್ರೇಕ್ಷಕರ ಆಸನಗಳಿಂದ ವೇದಿಕೆಗೆ ನೇರವಾದ ದಾರಿಯಿದ್ದರೆ, ಗಾಲಿಕುರ್ಚಿಗೆ ಒದಗುವ ದಾರಿಯೂ ಅಷ್ಟೇ ನೇರವಾಗಿರಬೇಕು. ಹಿಂಬಾಗಿಲಿನಿಂದ ಸುತ್ತಿ ಬರುವಂತಿರಬಾರದು.

ಎರಡು ಅಡಿ ಎತ್ತರದ ವೇದಿಕೆಗೆ ೨೪ ಅಡಿ ಉದ್ದದ ಇಳಿಜಾರು ಬೇಕು. ಅದನ್ನು ಕೊನೆಯ ದಿನ ಹಲಗೆ ಇಟ್ಟು ಮಾಡಲಾಗುವುದಿಲ್ಲ. ಸಭಾಂಗಣವನ್ನು ಗೊತ್ತುಪಡಿಸುವಾಗಲೇ ಯೋಚಿಸಬೇಕಾಗುತ್ತದೆ. ಇಲ್ಲವೇ ವೇದಿಕೆಯನ್ನೇ ಕೈಬಿಟ್ಟು ಎಲ್ಲರೂ ನೆಲದ ಮಟ್ಟದಲ್ಲಿ ಕುಳಿತುಕೊಳ್ಳಬಹುದು. ಇಳಿಜಾರನ್ನು ಕಟ್ಟಲಾಗದಿದ್ದಾಗ ಎತ್ತರವನ್ನು ಬಿಟ್ಟುಕೊಡುವುದೂ ಒಂದು ಹೊಂದಾಣಿಕೆಯೇ.

೨೦೧೫ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಲೇಖಕಿ ಮೇರಿ ರಾಬಿನೆಟ್ ಕೋವಲ್ ಅವರು ಪ್ರಕಟಿಸಿದ ಪ್ರತಿಜ್ಞೆಯೊಂದು ಈ ಚರ್ಚೆಗೆ ಹೊಸ ತಿರುವನ್ನು ಕೊಟ್ಟಿತು. ವಿಕಲಚೇತನರ ಪ್ರವೇಶಕ್ಕೆ ಸಂಬಂಧಿಸಿದ ನೀತಿಯನ್ನು ಪ್ರಕಟಿಸದ, ಅದನ್ನು ಅನುಷ್ಠಾನಗೊಳಿಸದ ಸಮ್ಮೇಳನಗಳಿಗೆ ತಾವು ಹೋಗುವುದಿಲ್ಲ ಎಂಬುದು ಅದರ ಸಾರಾಂಶ. ಅನೇಕ ಲೇಖಕರು ಇದಕ್ಕೆ ಸಹಿ ಹಾಕಿದರು. ಬೇಡಿಕೆಯ ಹೊರೆಯು ವಿಕಲಚೇತನರ ಹೆಗಲಿನಿಂದ ಇಳಿದು, ಆಹ್ವಾನ ಪಡೆಯುವ ಎಲ್ಲ ಲೇಖಕರ ಹೆಗಲಿಗೆ ಹಂಚಿಕೆಯಾದದ್ದು ಇದರ ಮಹತ್ವ. ತನ್ನ ಪ್ರವೇಶಕ್ಕಾಗಿ ತಾನೇ ಪ್ರತಿಬಾರಿಯೂ ಹೋರಾಡಬೇಕಾದವನಿಗೆ ಸಾಹಿತ್ಯದ ಬಗೆಗೆ ಮಾತನಾಡಲು ಶಕ್ತಿ ಎಷ್ಟು ಉಳಿದೀತು ಎಂಬುದನ್ನು ಸಹೃದಯರು ಊಹಿಸಬಹುದು.

೬. ಪುರಾವೆಯ ಪ್ರಶ್ನೆ

ಹೊಂದಾಣಿಕೆಯನ್ನು ಕೇಳುವವನು ನಿಜವಾಗಿಯೂ ವಿಕಲಚೇತನನೇ ಎಂಬ ಅನುಮಾನವು ಸಂಘಟಕರನ್ನು ಯಾವಾಗಲೂ ಕಾಡುತ್ತದೆ. ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗುವ ಆಸೆಯಿಂದ ಸುಳ್ಳು ಹೇಳುವವರೂ ಇರಬಹುದು. ಆದರೆ ಮಧುಮೇಹ, ಅಪಸ್ಮಾರ, ಮನೋರೋಗ, ತೀವ್ರ ನೋವು ಮುಂತಾದವು ಹೊರಗೆ ಕಾಣುವಂಥವಲ್ಲ. ಕಾಣದಿರುವುದನ್ನು ಇಲ್ಲವೆಂದು ತಿಳಿಯುವುದು ಅನ್ಯಾಯಕ್ಕೆ ಎಡೆಮಾಡಿಕೊಡುತ್ತದೆ. ಅಮೆರಿಕದ ಕಾನೂನು ಸಹಾಯಕ ನಾಯಿಗಳ ವಿಷಯದಲ್ಲಿ ಇದಕ್ಕೊಂದು ಮಾದರಿಯನ್ನು ಒದಗಿಸಿದೆ. ನಾಯಿಯ ಅಗತ್ಯ ಸ್ಪಷ್ಟವಾಗಿ ಕಾಣದಿದ್ದಾಗ ಕೇಳಬಹುದಾದ ಪ್ರಶ್ನೆಗಳು ಎರಡೇ: ವೈಕಲ್ಯದ ಕಾರಣದಿಂದ ಈ ನಾಯಿ ಬೇಕಾಗಿದೆಯೇ? ಅದಕ್ಕೆ ಯಾವ ಕೆಲಸದ ತರಬೇತಿ ನೀಡಲಾಗಿದೆ? ರೋಗದ ಹೆಸರನ್ನಾಗಲಿ ಪ್ರಮಾಣಪತ್ರವನ್ನಾಗಲಿ ಕೇಳುವಂತಿಲ್ಲ. ಪ್ರಶ್ನೆಯು ಅಗತ್ಯದ ಬಗೆಗೆ ಇರಬೇಕು, ದೇಹದ ಬಗೆಗೆ ಅಲ್ಲ ಎಂಬ ತತ್ತ್ವವನ್ನು ಇಲ್ಲಿ ಕಾಣಬಹುದು.

ಭಾರತದಲ್ಲಿ ಶೇಕಡ ೪೦ರ ಪ್ರಮಾಣಪತ್ರವು ವೈಕಲ್ಯದ ಅಳತೆಗೋಲೇ ಆಗಿಬಿಟ್ಟಿದೆ. ಮೀಸಲಾತಿಯಂತಹ ನಿರ್ದಿಷ್ಟ ಸವಲತ್ತುಗಳಿಗೆ ಈ ಮಿತಿ ಅನ್ವಯಿಸುತ್ತದೆ ನಿಜ. ಆದರೆ ಬರೆಯುವಾಗ ಕೈ ಸೆಳೆತಕ್ಕೆ ಒಳಗಾಗುವ ಅಭ್ಯರ್ಥಿಯೊಬ್ಬರು ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನು ಕೋರಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಫೆಬ್ರವರಿಯಲ್ಲಿ ಬೇರೊಂದು ನಿಲುವನ್ನು ತಳೆಯಿತು. ಸಮಂಜಸ ಹೊಂದಾಣಿಕೆಯ ಹಕ್ಕು ಶೇಕಡ ೪೦ರ ಮಿತಿಯನ್ನು ಮುಟ್ಟಿದವರಿಗೆ ಮಾತ್ರ ಸೀಮಿತವಲ್ಲ ಎಂದು ಅದು ಹೇಳಿತು.

೭. ವೆಚ್ಚ ಮತ್ತು ಅದರ ಮಿತಿ

ಸಂಬಳವಿಲ್ಲದ ಅಭಿಮಾನಿಗಳು ನಡೆಸುವ ಸಮ್ಮೇಳನವು ಇಷ್ಟೆಲ್ಲ ವೆಚ್ಚವನ್ನು ಹೇಗೆ ಭರಿಸಬೇಕು ಎಂಬ ಪ್ರಶ್ನೆಯನ್ನು ಉಪೇಕ್ಷಿಸುವಂತಿಲ್ಲ. ದುಭಾಷಿಗಳಿಗೆ ಸಂಭಾವನೆ ಕೊಡಬೇಕು. ದೀರ್ಘವಾದ ಗೋಷ್ಠಿಗೆ ಒಬ್ಬರು ಸಾಲದೆ ಇಬ್ಬರು ಸರದಿಯಂತೆ ದುಡಿಯಬೇಕು. ಹೊರಲಾರದ ಹೊರೆಯನ್ನು ಕಾನೂನೂ ಹೇರುವುದಿಲ್ಲ. ‘ಸಮಂಜಸ’ ಎಂಬ ವಿಶೇಷಣದ ಅರ್ಥವೇ ಅದು. ಹೀಗಿದ್ದರೂ ಮೇಲೆ ಹೇಳಿದ ಹೊಂದಾಣಿಕೆಗಳಲ್ಲಿ ಅಂಟುಪಟ್ಟಿ, ಮೌನದ ಕೊಠಡಿ, ಮೈಕಿನ ಕಡ್ಡಾಯ ಬಳಕೆ, ಸಾಲಿನ ಪಕ್ಕದಲ್ಲಿ ನಾಲ್ಕು ಕುರ್ಚಿಗಳು, ದೊಡ್ಡಕ್ಷರದ ಕಾರ್ಯಕ್ರಮ ಪಟ್ಟಿ ಇವು ಬಹುಮಟ್ಟಿಗೆ ಹಣದ ವಿಷಯಗಳಲ್ಲ, ಮುಂದಾಲೋಚನೆಯ ವಿಷಯಗಳು. ನಿಜವಾಗಿ ದುಬಾರಿಯಾದದ್ದನ್ನು ಮುಂದಿಟ್ಟುಕೊಂಡು ಅಗ್ಗವಾದದ್ದನ್ನೂ ಮಾಡದಿರುವುದು ಸಾಮಾನ್ಯವಾಗಿ ಕಂಡುಬರುವ ದೋಷ.

ಕೋವಿಡ್ ಸಾಂಕ್ರಾಮಿಕದ ಕಾರಣದಿಂದ ೨೦೨೦ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆಯಬೇಕಾಗಿದ್ದ ವರ್ಲ್ಡ್‌ಕಾನ್ ಪೂರ್ಣವಾಗಿ ಅಂತರಜಾಲದ ಮೂಲಕ ನಡೆಯಿತು. ಮನೆಯಿಂದ ಹೊರಬರಲಾಗದವರು ಬಹುಕಾಲದಿಂದ ಕೇಳುತ್ತಿದ್ದ ವ್ಯವಸ್ಥೆಯು, ಎಲ್ಲರೂ ಮನೆಯಲ್ಲಿ ಉಳಿಯಬೇಕಾಗಿ ಬಂದಾಗ ಕೆಲವೇ ತಿಂಗಳುಗಳಲ್ಲಿ ಸಾಧ್ಯವಾಯಿತು. ೨೦೨೪ರ ಗ್ಲಾಸ್ಗೋ ಸಮ್ಮೇಳನವು ಪ್ರತ್ಯಕ್ಷವಾಗಿ ನಡೆದಾಗಲೂ ದೂರದಿಂದ ಭಾಗವಹಿಸುವ ಸದಸ್ಯತ್ವವನ್ನು ಉಳಿಸಿಕೊಂಡಿತು. ಅಸಾಧ್ಯವೆಂದು ಹೇಳಲಾಗುತ್ತಿದ್ದ ಹೊಂದಾಣಿಕೆಯು ಬಹುಸಂಖ್ಯಾತರಿಗೆ ಅಗತ್ಯವಾದ ಕೂಡಲೇ ಸಾಧ್ಯವಾಗುತ್ತದೆ ಎಂಬುದು ಇದರಿಂದ ವೇದ್ಯವಾಗುತ್ತದೆ.

೮. ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ಈ ಬಗೆಯ ಅಭಿಮಾನಿ ಸಮಾವೇಶ ಹೊಸತು. ದೆಹಲಿಯಲ್ಲಿ ೨೦೧೧ರಲ್ಲಿ ಆರಂಭವಾದ ಕಾಮಿಕ್ ಕಾನ್ ಇಂಡಿಯಾ ೨೦೧೨ರಲ್ಲಿ ಬೆಂಗಳೂರಿಗೆ ಬಂದಿತು. ಆದರೆ ಸದಸ್ಯತ್ವದ ಸ್ವರೂಪದಲ್ಲಿ ಇದಕ್ಕಿಂತಲೂ ವರ್ಲ್ಡ್‌ಕಾನಿಗೆ ಸಮೀಪವಾದದ್ದು, ೧೯೧೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನ. ಅಲ್ಲಿಯೂ ಶುಲ್ಕ ಕೊಟ್ಟು ನೋಂದಾಯಿಸಿಕೊಂಡವನು ಕೇವಲ ಪ್ರೇಕ್ಷಕನಲ್ಲ, ‘ಪ್ರತಿನಿಧಿ’. ಅಲ್ಲಿಯೂ ಗೋಷ್ಠಿಯಷ್ಟೇ ಪುಸ್ತಕ ಮಳಿಗೆಗಳೂ ಊಟದ ಸಾಲೂ ಪೆಂಡಾಲಿನ ಹೊರಗಿನ ಭೇಟಿಗಳೂ ಮುಖ್ಯ. ಆದ್ದರಿಂದ ಪ್ರಸ್ತುತ ಲೇಖನದ ಪ್ರಶ್ನೆಗಳನ್ನು ನಮ್ಮ ಸಮ್ಮೇಳನಗಳಿಗೂ ಕೇಳಿಕೊಳ್ಳುವುದು ಅಗತ್ಯ. ಪೆಂಡಾಲಿನ ನೆಲದ ಮೇಲೆ ಗಾಲಿಕುರ್ಚಿ ಉರುಳಬಲ್ಲದೇ? ಮಳಿಗೆಗಳ ನಡುವಿನ ದಾರಿ ಎಷ್ಟು ಅಗಲ? ಊಟದ ಸಾಲಿನಲ್ಲಿ ನಿಲ್ಲಲಾರದವನಿಗೆ ಏನು ವ್ಯವಸ್ಥೆ? ಕವಿಗೋಷ್ಠಿಯನ್ನು ಕಿವುಡನಾದ ಕಾವ್ಯಾಸಕ್ತನು ಹೇಗೆ ಗ್ರಹಿಸಬೇಕು? ಗಾಲಿಕುರ್ಚಿಯ ಕವಿಯು ಯಾರ ತೋಳಿನ ಮೇಲೂ ಏರದೆ ವೇದಿಕೆಗೆ ಹೋಗಬಲ್ಲನೇ?

ಕೊನೆಯ ಪ್ರಶ್ನೆ ವಿಶೇಷವಾಗಿ ಪರಿಶೀಲನಾರ್ಹ. ನಾಲ್ಕು ಜನ ಸೇರಿ ಗಾಲಿಕುರ್ಚಿಯನ್ನು ಎತ್ತಿ ವೇದಿಕೆಗೆ ಒಯ್ಯುವುದನ್ನು ನಾವು ಔದಾರ್ಯವೆಂದು ಭಾವಿಸಿ ಚಪ್ಪಾಳೆ ತಟ್ಟುತ್ತೇವೆ. ಎತ್ತಲ್ಪಟ್ಟವನ ಪಾಲಿಗೆ ಅದು ಬೀಳುವ ಭಯದ, ಪರಾಧೀನತೆಯ ಕ್ಷಣ. ಆತನ ಕವಿತೆಗಿಂತ ಮೊದಲು ಆತನ ದೇಹವು ಸಭೆಯ ವಸ್ತುವಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಇದು ಔದಾರ್ಯದ ವಿಷಯವಾಗಿ ಉಳಿದಿಲ್ಲ. ೧೯೯೫ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, ಅದರ ಸ್ಥಾನದಲ್ಲಿ ಬಂದ ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ೨೧ ಬಗೆಗಳನ್ನು ಗುರುತಿಸಿತು. ಸಮಂಜಸ ಹೊಂದಾಣಿಕೆಯನ್ನು ಅದು ವ್ಯಾಖ್ಯಾನಿಸಿತು. ಅದರ ೨೯ನೆಯ ಪ್ರಕರಣವು ಸಂಸ್ಕೃತಿ ಮತ್ತು ಮನರಂಜನೆಗೆ ಸಂಬಂಧಿಸಿದ್ದು. ೨೦೨೪ರ ನವೆಂಬರ್ ೮ರಂದು ಸರ್ವೋಚ್ಚ ನ್ಯಾಯಾಲಯವು ಸುಗಮ ಪ್ರವೇಶದ ಮಾನಕಗಳು ಕೇವಲ ಮಾರ್ಗಸೂಚಿಗಳಾಗಿ ಉಳಿಯಬಾರದು, ಕಡ್ಡಾಯವಾದ ನಿಯಮಗಳೂ ಇರಬೇಕು ಎಂದು ತೀರ್ಪಿತ್ತಿತು.

೯. ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅಭಿಮಾನಿ ಸಮ್ಮೇಳನಗಳಲ್ಲಿನ ಹೊಂದಾಣಿಕೆಗಳು ಕಟ್ಟಡಕ್ಕೆ ಮಾತ್ರ ಸಂಬಂಧಿಸಿದವಲ್ಲ. ಸ್ಥಳ, ಕಾಲ, ಸಂವಹನ ಮತ್ತು ವಿರಾಮ ಎಂಬ ನಾಲ್ಕು ನೆಲೆಗಳಲ್ಲಿಯೂ ಅವು ವ್ಯಾಪಿಸಿವೆ. ಸಮ್ಮೇಳನವೊಂದು ಎಷ್ಟರಮಟ್ಟಿಗೆ ಎಲ್ಲರದು ಎಂಬುದನ್ನು ಅದರ ಹೆಬ್ಬಾಗಿಲಿನಲ್ಲಿ ಅಲ್ಲ, ವೇದಿಕೆಯಲ್ಲಿ ಅಳೆಯಬೇಕು. ಹೊಂದಾಣಿಕೆಯು ಕೇಳಿದ ಮೇಲೆ ಕೊಡುವ ಉಪಕಾರವಾಗದೆ, ಕೇಳುವ ಮೊದಲೇ ಇರುವ ವ್ಯವಸ್ಥೆಯಾದಾಗ ಮಾತ್ರ ಸದಸ್ಯತ್ವವು ಪೂರ್ಣವಾಗುತ್ತದೆ.

ಅಭಿಮಾನಿಯನ್ನು ನಾವು ದೇವರೆಂದು ಕರೆದಿದ್ದೇವೆ. ವಿಕಲಚೇತನರನ್ನು ದಿವ್ಯಾಂಗರೆಂದೂ ಕರೆಯತೊಡಗಿದ್ದೇವೆ. ಎರಡೂ ಮಾತುಗಳ ಹಿಂದೆ ಗೌರವವಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸಭಾಂಗಣದ ಹೊರಗೆ ನಿಂತಿರುವ ಅಭಿಮಾನಿಗೆ ಬೇಕಾಗಿರುವುದು ಬಿರುದಲ್ಲ, ೨೪ ಅಡಿಯ ಇಳಿಜಾರು, ಒಂದು ಮೈಕು, ನೆಲದ ಮೇಲೆ ಗುರುತು ಮಾಡಿಟ್ಟ ಒಂದು ಜಾಗ. ಮುಂದಿನ ಸಮ್ಮೇಳನದ ಸಿದ್ಧತಾ ಸಭೆಯಲ್ಲಿ ವೇದಿಕೆಯ ನಕ್ಷೆಯನ್ನು ಬಿಡಿಸುವಾಗ, ಆ ಸಭೆಯಲ್ಲಿ ವಿಕಲಚೇತನರೊಬ್ಬರೂ ಕುಳಿತಿರುವಂತೆ ನೋಡಿಕೊಳ್ಳುವುದು ಈ ದಿಸೆಯಲ್ಲಿ ಮೊದಲ ಹೆಜ್ಜೆಯಾಗಬಲ್ಲದು.